ಯಂತ್ರದಲ್ಲಿ ಇಲ್ಲದ ಒಂದು ಬಿಟ್



1978ರ ಕ್ರಿಸ್‌ಮಸ್ ರಜೆಯ ದಿನಗಳು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದ ಬರ್ಕ್ಲಿಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಿದೆ. ಅಲ್ಲಿ ಆಗ ಇದ್ದದ್ದು ಒಂದೇ ಒಂದು ವ್ಯಾಕ್ಸ್ ಕಂಪ್ಯೂಟರ್. ಎಲ್ಲರ ಲೆಕ್ಕವೂ ಅದರ ಮೇಲೆಯೇ, ಹೊಸ ಪ್ರಯೋಗವೂ ಅದರ ಮೇಲೆಯೇ. ಅದನ್ನು ನಡೆಸುತ್ತಿದ್ದ ತಂತ್ರಾಂಶ ಯುನಿಕ್ಸ್. ಕೆಲಸಕ್ಕೆ ಕೂತವರಿಗೆ ಒಂದು ಹೊತ್ತು ಅದರ ಹಳೆಯ ರೂಪ ಸಿಕ್ಕರೆ ಇನ್ನೊಂದು ಹೊತ್ತು ಹೊಸದು ಸಿಗುತ್ತಿತ್ತು. ಹೊಸದು ಇದ್ದಕ್ಕಿದ್ದಂತೆ ನಿಂತುಹೋಗುವುದು. ಕೆಲವು ನಿಮಿಷ ಕಾದರೆ ಪರದೆಯ ಮೇಲೆ ಮತ್ತೆ ಹಳೆಯದೇ ಬರುವುದು. ಹೀಗೆ ವಾರಗಟ್ಟಲೆ ನಡೆಯಿತು. ಬಳಸುವವರು ತಾಳ್ಮೆಯಿಂದ ಸಹಿಸಿಕೊಂಡರು. 1979ರ ಜನವರಿ ಹೊತ್ತಿಗೆ ದೋಷಗಳು ಬಹುಮಟ್ಟಿಗೆ ತೀರಿ, ಹಳೆಯದು ಮೂಲೆ ಸೇರಿತು.

ಅಷ್ಟೆಲ್ಲ ಪಾಡು ಪಡಿಸಿದ್ದರಲ್ಲಿ ಒಂದು ಬಿಟ್‌ನ ಪಾಲೂ ಇತ್ತು. ಸೊನ್ನೆ ಅಥವಾ ಒಂದು, ಅಷ್ಟನ್ನು ಮಾತ್ರ ಬರೆದಿಡಬಲ್ಲ ಒಂದು ಗುರುತು ಆ ಯಂತ್ರದಲ್ಲಿ ಇರಲಿಲ್ಲ. ಆ ಒಂದು ಗುರುತಿನ ಜಾಡು ಹಿಡಿದು ಇವತ್ತು ನಲವತ್ತೈದು ವರ್ಷಕ್ಕೂ ಹೆಚ್ಚಿನ ಚರಿತ್ರೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲು ಕರ್ನಲ್ ಎಂದರೆ ಏನು ಎಂದು ನೋಡೋಣ. ತೆಂಗಿನಕಾಯಿಯನ್ನು ನೆನೆಸಿಕೊಳ್ಳಿ. ಯುನಿಕ್ಸ್ ಕಟ್ಟಿದವರು ನಾವು ಕೈಯಿಟ್ಟು ಬಳಸುವ ಹೊರಭಾಗಕ್ಕೆ ಶೆಲ್ ಎಂದರು, ಅಂದರೆ ಚಿಪ್ಪು. ಒಳಗಿನದಕ್ಕೆ ಕರ್ನಲ್ ಎಂಬ ಹೆಸರು, ಅಂದರೆ ತಿರುಳು. ಪ್ರೊಸೆಸರ್, ಮೆಮೊರಿ, ಡಿಸ್ಕ್ ಇವುಗಳನ್ನು ನೇರವಾಗಿ ಮುಟ್ಟುವ ಅಧಿಕಾರ ಈ ತಿರುಳಿಗೆ ಮಾತ್ರ. ಮಿಕ್ಕ ಪ್ರೋಗ್ರಾಮುಗಳೆಲ್ಲ ಅದನ್ನೇ ಕೇಳಿಕೊಳ್ಳಬೇಕು. ಯಂತ್ರ ಬದಲಾದಾಗ ಅದರ ಗುಣದೋಷಗಳಿಗೆ ಮೊದಲು ಒಗ್ಗಿಕೊಳ್ಳಬೇಕಾದದ್ದೂ ಇದೇ ಕರ್ನಲ್.

ಬರ್ಕ್ಲಿಯಲ್ಲಿ ಮೊದಲು ಯುನಿಕ್ಸ್ ಓಡಿದ್ದು ಪಿಡಿಪಿ-11 ಯಂತ್ರದ ಮೇಲೆ. ಅದರಲ್ಲಿ ವಿಳಾಸ ಬರೆಯಲು 16 ಬಿಟ್ ಇದ್ದುದರಿಂದ ಒಂದು ವಿಳಾಸವ್ಯಾಪ್ತಿ 64 ಕಿಲೋಬೈಟಿಗೆ ಮುಗಿದುಹೋಗುತ್ತಿತ್ತು. ರಿಚರ್ಡ್ ಫೇಟ್‌ಮನ್ ಎಂಬ ಪ್ರಾಧ್ಯಾಪಕರಿಗೆ ಮ್ಯಾಕ್ಸಿಮಾ ಎಂಬ ದೊಡ್ಡ ಪ್ರೋಗ್ರಾಂ ಓಡಿಸಬೇಕಿತ್ತು. ಬೀಜಗಣಿತವನ್ನು ಅಕ್ಷರಗಳಲ್ಲೇ ಬಿಡಿಸುವ ಪ್ರೋಗ್ರಾಂ ಅದು. ಡಿಜಿಟಲ್ ಕಂಪನಿ 1977ರಲ್ಲಿ ಹೊರತಂದ 32 ಬಿಟ್‌ನ ವ್ಯಾಕ್ಸ್ ಅದಕ್ಕೆ ಹೇಳಿಮಾಡಿಸಿದಂತಿತ್ತು. ಯಂತ್ರ ಬಂತು. ಬೆಲ್ ಲ್ಯಾಬ್ಸ್‌ನವರು ವ್ಯಾಕ್ಸ್‌ಗೆಂದು ಸಿದ್ಧಪಡಿಸಿದ 32ವಿ ಎಂಬ ಯುನಿಕ್ಸ್ ಕೂಡ ಬಂತು. ಆದರೆ 32ವಿ ಈ ಹೊಸ ಯಂತ್ರವನ್ನು ಹಳೆಯ ಪಿಡಿಪಿ-11ರಂತೆಯೇ ನಡೆಸುತ್ತಿತ್ತು. ಪ್ರೋಗ್ರಾಂ ಪೂರ್ತಿಯಾಗಿ ಮೆಮೊರಿಯಲ್ಲಿ ಇರಬೇಕು, ಇಲ್ಲವೇ ಪೂರ್ತಿಯಾಗಿ ಡಿಸ್ಕಿಗೆ ಹೋಗಬೇಕು. ಬರ್ಕ್ಲಿಯ ವ್ಯಾಕ್ಸ್‌ನಲ್ಲಿ ಆರಂಭದಲ್ಲಿ ಇದ್ದ ಮೆಮೊರಿ 1 ಮೆಗಾಬೈಟ್. ಹಾಗಾಗಿ ವಿಶಾಲವಾದ ವಿಳಾಸವ್ಯಾಪ್ತಿ ಇದ್ದೂ ಮ್ಯಾಕ್ಸಿಮಾ ಆ 1 ಮೆಗಾಬೈಟಿನಲ್ಲೇ ಮೈ ಮುದುಡಿಕೊಂಡು ಕೂರಬೇಕಾಯಿತು.

ಇದಕ್ಕೆ ಪರಿಹಾರ ವರ್ಚುಯಲ್ ಮೆಮೊರಿ. ಪ್ರೋಗ್ರಾಮನ್ನು ಸಣ್ಣ ಸಣ್ಣ ಪುಟಗಳಾಗಿ ಒಡೆದು, ಬೇಕಾದ ಪುಟಗಳನ್ನಷ್ಟೇ ಮೆಮೊರಿಯಲ್ಲಿಟ್ಟು, ಉಳಿದದ್ದನ್ನು ಡಿಸ್ಕಿನಲ್ಲಿಡುವುದು. ನಮ್ಮೂರಿನ ವಾಚನಾಲಯದಲ್ಲಿ ಒಂದೇ ಮೇಜಿದೆ, ಹಿಂದೆ ಒಂದು ದೊಡ್ಡ ಗೋದಾಮಿದೆ ಎಂದುಕೊಳ್ಳಿ. ಕೇಳಿದ ಪುಸ್ತಕವನ್ನು ಗೋದಾಮಿನಿಂದ ತಂದು ಮೇಜಿನ ಮೇಲೆ ಇಡಬೇಕು. ಮೇಜು ತುಂಬಿದಾಗ ಒಂದನ್ನು ಒಳಗಿಡಬೇಕು. ಯಾವುದನ್ನು? ಬಹಳ ಹೊತ್ತಿನಿಂದ ಯಾರೂ ಮುಟ್ಟದ ಪುಸ್ತಕವನ್ನು. ಅದು ಯಾವುದೆಂದು ವಾಚನಾಲಯದ ಮೇಲ್ವಿಚಾರಕನಿಗೆ ಗೊತ್ತಾಗಬೇಕಲ್ಲ?

ಬಹಳಷ್ಟು ಯಂತ್ರಗಳಲ್ಲಿ ಇದಕ್ಕೆಂದೇ ಪ್ರತಿ ಪುಟಕ್ಕೂ ಒಂದು ಬಿಟ್ ಇರುತ್ತದೆ. ಪುಟವನ್ನು ಮುಟ್ಟಿದಾಗ ಪ್ರೊಸೆಸರ್ ತಾನಾಗಿಯೇ ಅದನ್ನು ಒಂದು ಮಾಡುತ್ತದೆ. ವ್ಯಾಕ್ಸ್‌ನಲ್ಲಿ ಆ ಬಿಟ್ ಇರಲಿಲ್ಲ. ಪುಸ್ತಕದಲ್ಲಿ ಯಾರಾದರೂ ಏನಾದರೂ ಬರೆದರೆ ಅದರ ಗುರುತು ಉಳಿಯುತ್ತಿತ್ತು. ಸುಮ್ಮನೆ ಓದಿ ಇಟ್ಟರೆ ಯಾವ ಗುರುತೂ ಇಲ್ಲ.

ದೊಮೆನಿಕೊ ಫೆರಾರಿ ಎಂಬ ಪ್ರಾಧ್ಯಾಪಕರ ಕೈಕೆಳಗೆ ಓದುತ್ತಿದ್ದ ಓಜಾಲ್ಪ್ ಬಾಬಾಓಲು ಎಂಬ ತುರ್ಕಿ ದೇಶದ ವಿದ್ಯಾರ್ಥಿ ಈ ಕೆಲಸಕ್ಕೆ ಕೈಹಾಕಿದ. ಕೆಲಸ ಮುಗಿಯುತ್ತ ಬಂದಾಗ ಯುನಿಕ್ಸ್ ಕರ್ನಲ್‌ನ ಒಳಸುಳಿ ಬಲ್ಲ ಬಿಲ್ ಜಾಯ್ ಎಂಬ ಇನ್ನೊಬ್ಬ ವಿದ್ಯಾರ್ಥಿಯ ನೆರವು ಕೇಳಿದ. ಇಬ್ಬರೂ ಸೇರಿ ನಿಲ್ಲಿಸಿದ ಉಪಾಯ ನನಗೆ ಇಂದಿಗೂ ಸೋಜಿಗ ಹುಟ್ಟಿಸುತ್ತದೆ.

ಮೇಲ್ವಿಚಾರಕ ಸುತ್ತು ಹೊಡೆಯುತ್ತ ಮೇಜಿನ ಮೇಲಿನ ಪುಸ್ತಕಗಳಿಗೆಲ್ಲ ಒಂದೊಂದು ದಾರ ಕಟ್ಟುತ್ತಾ ಹೋಗುತ್ತಾನೆ. ಓದಲು ಬಂದವನು ದಾರ ಕಂಡರೆ ಇವನನ್ನು ಕರೆಯಲೇಬೇಕು. ಇವನು ದಾರ ಬಿಚ್ಚಿ ಕೊಡುತ್ತಾನೆ. ಮುಂದಿನ ಸುತ್ತಿನಲ್ಲಿ ಬಂದು ನೋಡಿದಾಗ ದಾರ ಹಾಗೆಯೇ ಇದ್ದರೆ ಆ ಪುಸ್ತಕ ಯಾರಿಗೂ ಬೇಕಾಗಿಲ್ಲ, ಗೋದಾಮಿಗೆ ಹೋಗಬಹುದು. ಕರ್ನಲ್ ಮಾಡಿದ್ದೂ ಇಷ್ಟೇ. ಪುಟ ಮೆಮೊರಿಯಲ್ಲೇ ಇದ್ದರೂ, ಇಲ್ಲ ಎಂದು ಪುಟಗಳ ಪಟ್ಟಿಯಲ್ಲಿ ಬರೆದಿಟ್ಟಿತು. ಪ್ರೋಗ್ರಾಂ ಅದನ್ನು ಮುಟ್ಟಿದೊಡನೆ ಪ್ರೊಸೆಸರ್ ತಡೆದು ಕರ್ನಲ್‌ಗೆ ಸುದ್ದಿ ಮುಟ್ಟಿಸುತ್ತದೆ. ಕರ್ನಲ್ ಆ ಪುಟ ಬಳಕೆಯಲ್ಲಿದೆ ಎಂದು ತಿಳಿದುಕೊಂಡು, ಗುರುತು ಸರಿಪಡಿಸಿ, ಪ್ರೋಗ್ರಾಮನ್ನು ಮುಂದಕ್ಕೆ ಬಿಡುತ್ತದೆ. ಗಡಿಯಾರದ ಮುಳ್ಳಿನಂತೆ ಮೆಮೊರಿಯನ್ನೆಲ್ಲ ಮತ್ತೆ ಮತ್ತೆ ಸುತ್ತುವ ಈ ಎಣಿಕೆಯಿಂದ, ಯಂತ್ರದಲ್ಲಿ ಇಲ್ಲದ ಬಿಟ್ ತಂತ್ರಾಂಶದಲ್ಲಿ ಹುಟ್ಟಿತು. ಪುಟಕ್ಕೆ ಒಂದು ಸುತ್ತಿನಲ್ಲಿ ಬೀಳುವುದು ಒಂದೇ ತಡೆ; ಪ್ರೋಗ್ರಾಂ ಬರೆದವನಿಗೆ ಇದರ ಸುಳಿವೂ ಇಲ್ಲ.

1979ರ ಕೊನೆಗೆ ಇದು 3ಬಿಎಸ್‌ಡಿ ಎಂಬ ಹೆಸರಿನಲ್ಲಿ ಹೊರಬಂತು. ಅದನ್ನು ಕಂಡು ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾ 1980ರಲ್ಲಿ ಬರ್ಕ್ಲಿಗೆ ಹಣ ಕೊಟ್ಟಿತು. ಆ ಬಲದ ಮೇಲೆ 1983ರಲ್ಲಿ ಬಂದ 4.2ಬಿಎಸ್‌ಡಿ ಇಂಟರ್‌ನೆಟ್‌ನ ಭಾಷೆಯನ್ನು ಊರೂರಿನ ವಿಶ್ವವಿದ್ಯಾಲಯಗಳಿಗೆ ಒಯ್ದಿತು. ಬಾಬಾಓಲು ಮತ್ತು ಜಾಯ್ ತಮ್ಮ ಉಪಾಯವನ್ನು 1981ರ ಡಿಸೆಂಬರಿನಲ್ಲಿ, ಕೊಲ್ಲಿಯಿಂದ ದಕ್ಷಿಣಕ್ಕಿರುವ ಪೆಸಿಫಿಕ್ ಗ್ರೋವ್‌ನಲ್ಲಿ ನಡೆದ ಸಮ್ಮೇಳನದಲ್ಲಿ ವಿದ್ವಾಂಸರ ಮುಂದಿಟ್ಟರು.

ಈ ದಾರದ ಉಪಾಯ ನಡೆಯಬೇಕಾದರೆ ಒಂದು ಷರತ್ತಿದೆ. ತಡೆದ ಸೂಚನೆಯನ್ನು, ಅಂದರೆ ಪ್ರೊಸೆಸರ್‌ಗೆ ಕೊಟ್ಟ ಆಜ್ಞೆಯನ್ನು, ಬಿಟ್ಟಲ್ಲಿಂದ ಮುಂದುವರಿಸಲು ಬರಬೇಕು. 1982ರಲ್ಲಿ ಹುಟ್ಟಿದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಗೆ ಬಿಲ್ ಜಾಯ್ ಹೋದರು. ಅದರ ಮೊದಲ ಯಂತ್ರಗಳಲ್ಲಿ ಇದ್ದದ್ದು ಮೊಟೊರೋಲಾ 68000 ಪ್ರೊಸೆಸರ್. ಕಣದಲ್ಲಿ ರಾಗಿ ಅಳೆಯುವವರು ಒಂದು ಎನ್ನದೆ ಲಾಭ ಎಂದು ಶುರುಮಾಡಿ, ಎರಡು, ಮೂರು ಎಂದು ಎಣಿಸುತ್ತಾ ಸುರಿಯುವುದನ್ನು ನೀವು ಕಂಡಿರಬಹುದು. ನಡುವೆ ಯಾರಾದರೂ ಮಾತಿಗೆಳೆದು ಎಣಿಕೆ ತಪ್ಪಿದರೆ ಏನು ಮಾಡುವುದು? ಅರ್ಧ ರಾಗಿ ಆಗಲೇ ಚೀಲಕ್ಕೆ ಬಿದ್ದಾಗಿದೆ, ಎಷ್ಟು ಎಂದು ನೆನಪಿಲ್ಲ. 68000ರದ್ದೂ ಅದೇ ಪಾಡು. ಪುಟವಿಲ್ಲವೆಂದು ನಡುವೆ ತಡೆದರೆ, ಎಲ್ಲಿಯವರೆಗೆ ಬಂದಿದ್ದೆ ಎಂಬುದನ್ನು ಅದು ಪೂರ್ತಿಯಾಗಿ ಉಳಿಸುತ್ತಿರಲಿಲ್ಲ. ತಡೆಯುವ ಹೊತ್ತಿನ ಒಳಸ್ಥಿತಿಯನ್ನು ಬರೆದಿಡುವ 68010 ಬಂದ ಮೇಲೆಯೇ ಬರ್ಕ್ಲಿಯ ಪುಟದ ವ್ಯವಸ್ಥೆ ಸನ್ ಯಂತ್ರಗಳಲ್ಲಿ ನೆಮ್ಮದಿಯಾಗಿ ನೆಲೆನಿಂತಿತು. ಕೆಲವು ಕೊರತೆಗಳನ್ನು ಕರ್ನಲ್ ತುಂಬಿಕೊಡಬಲ್ಲದು, ಕೆಲವನ್ನು ತುಂಬಲಾರದು ಎಂಬ ಪಾಠ ಇಲ್ಲಿದೆ.

ಕೊಲ್ಲಿಯ ಇನ್ನೊಂದು ದಡದ ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಹೆನೆಸಿ 1981ರಲ್ಲಿ ಮಿಪ್ಸ್ ಎಂಬ ಪ್ರೊಸೆಸರ್ ಯೋಜನೆ ಶುರುಮಾಡಿದರು. ಅದರಿಂದ ಬೆಳೆದ ಆರ್2000 ಚಿಪ್‌ನಲ್ಲೂ ಪುಟ ಮುಟ್ಟಿದ ಗುರುತು ಇರಲಿಲ್ಲ. ಈ ಸಲ ಅದನ್ನು ಬೇಕೆಂದೇ ಬಿಟ್ಟಿದ್ದರು. ಯಾವ ಪುಟ ಎಲ್ಲಿದೆ ಎಂದು ತೋರಿಸುವ 64 ಸಾಲಿನ ಒಂದು ಪುಟ್ಟ ಪಟ್ಟಿಯನ್ನಷ್ಟೇ ಚಿಪ್‌ನಲ್ಲಿಟ್ಟು, ಅದನ್ನು ತುಂಬುವ ಕೆಲಸವನ್ನು ಕರ್ನಲ್‌ಗೆ ವಹಿಸಿದರು. ಕರ್ನಲ್ ಮಾಡಬಲ್ಲ ಕೆಲಸವನ್ನು ಸಿಲಿಕಾನ್‌ನಲ್ಲಿ ಏಕೆ ಕೆತ್ತಬೇಕು ಎಂಬುದು ಅವರ ವಾದ. ಹತ್ತು ವರ್ಷದೊಳಗೆ ಕೊರತೆಯೇ ವಿನ್ಯಾಸವಾಯಿತು. ಮುಂದೆ 32 ಬಿಟ್‌ನ ಎಆರ್‌ಎಂ ಪ್ರೊಸೆಸರ್‌ಗಳ ಮೇಲೆ ಓಡಿದ ಲಿನಕ್ಸ್ ಎಂಬ ಕರ್ನಲ್ ಕೂಡ ಇದೇ ದಾರದ ಉಪಾಯವನ್ನು ನೆಚ್ಚಿಕೊಂಡಿತು. ಹಳ್ಳಿಯಲ್ಲಿರುವ ಅಜ್ಜಿಯ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ಮೊಮ್ಮಗನ ಫೋಟೋ ತೆರೆದುಕೊಳ್ಳುವಾಗ, ಬರ್ಕ್ಲಿಯ ಆ ರಜೆಯಲ್ಲಿ ಕಟ್ಟಿದ ದಾರ ಬಿಚ್ಚಿಕೊಳ್ಳುತ್ತಿತ್ತು.

ಈ ನಡುವೆ ಬರ್ಕ್ಲಿಯವರಿಗೆ ಇನ್ನೊಂದು ಅರಿವಾಯಿತು. ವ್ಯಾಕ್ಸ್‌ಗೆ ವಯಸ್ಸಾಗುತ್ತಿತ್ತು. ಅದರ ಜಾಗಕ್ಕೆಂದು ಟಾಹೋ ಎಂಬ ಹೆಸರಿನ ಯಂತ್ರಕ್ಕೆ ಕರ್ನಲ್ ಒಗ್ಗಿಸುವಾಗ, ಇಡೀ ಕರ್ನಲನ್ನು ಎರಡು ಪಾಲು ಮಾಡಿದರು. ಯಂತ್ರ ಯಾವುದಾದರೂ ಬದಲಾಗದ್ದು ಒಂದು ಕಡೆ, ಯಂತ್ರಕ್ಕೆ ತಕ್ಕಂತೆ ಬದಲಾಗುವುದು ಇನ್ನೊಂದು ಕಡೆ. 1988ರಲ್ಲಿ ಅದು ಹೊರಬಂತು. ಟಾಹೋ ಯಂತ್ರ ಬಾಳಲಿಲ್ಲ, ಆದರೆ ಆ ವಿಭಜನೆ ಬಾಳಿತು. 1992ರಲ್ಲಿ ವಿಲಿಯಂ ಜೋಲಿಟ್ಸ್ ಮತ್ತು ಲಿನ್ ಜೋಲಿಟ್ಸ್ ದಂಪತಿ ಬರ್ಕ್ಲಿಯ ಯುನಿಕ್ಸನ್ನು ಇಂಟೆಲ್ ಕಂಪನಿಯ 386 ಪ್ರೊಸೆಸರ್ ಮೇಲೆ ಓಡಿಸಿ ಎಲ್ಲರಿಗೂ ಹಂಚಿದರು. ಅದರಿಂದ ಮರುವರ್ಷವೇ ನೆಟ್‌ಬಿಎಸ್‌ಡಿ, ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆಗಳು ಹುಟ್ಟಿದವು.

386ರಲ್ಲಿ ನಮ್ಮ ಬಿಟ್ ಇತ್ತು. ಆದರೆ ಬೇರೊಂದು ಕೊರತೆಯಿತ್ತು. ಓದಲು ಮಾತ್ರ ಎಂದು ಬೀಗ ಹಾಕಿದ ಪುಟಕ್ಕೆ ಪ್ರೋಗ್ರಾಂ ಬರೆಯಹೊರಟರೆ ಅದು ತಡೆಯುತ್ತಿತ್ತು. ಕರ್ನಲ್ ತಾನೇ ಬರೆಯಹೊರಟರೆ ತಡೆಯುತ್ತಿರಲಿಲ್ಲ. ಎರಡು ಪ್ರೋಗ್ರಾಮುಗಳು ಒಂದೇ ಪುಟವನ್ನು ಹಂಚಿಕೊಂಡಿದ್ದಾಗ, ಒಂದರ ಪರವಾಗಿ ಕರ್ನಲ್ ಬರೆದದ್ದು ಇನ್ನೊಂದರದ್ದನ್ನೂ ಕೆಡಿಸಬಹುದು. ಹಾಗಾಗಿ ಲಿನಕ್ಸ್ ಕರ್ನಲ್ ಪ್ರತಿ ಸಲವೂ ಮುಂಚೆಯೇ ಪರೀಕ್ಷಿಸಿ ಬರೆಯಬೇಕಾಯಿತು. 1989ರ 486ರಲ್ಲಿ ಇಂಟೆಲ್ ಇದನ್ನು ಸರಿಪಡಿಸಿತು. ಆಮೇಲೆ ಬಹುಕಾಲ, ಲಿನಕ್ಸ್ ಎದ್ದೇಳುವಾಗ ಬೀಗ ಹಾಕಿದ ಒಂದು ಪುಟಕ್ಕೆ ತಾನೇ ಬರೆದು ನೋಡಿ, ಪ್ರೊಸೆಸರ್ ತಡೆಯುತ್ತದೆಯೇ ಎಂದು ಪರೀಕ್ಷಿಸಿಕೊಳ್ಳುತ್ತಿತ್ತು. 2013ರ ಫೆಬ್ರವರಿಯಲ್ಲಿ ಬಂದ 3.8ನೆಯ ಆವೃತ್ತಿಯಲ್ಲಿ ಲಿನಕ್ಸ್ 386ಕ್ಕೆ ವಿದಾಯ ಹೇಳಿತು.

ಹೀಗೆ ಮುಟ್ಟಿ ನೋಡಿ ತಿಳಿಯುವ ಬದಲು ಕೇಳಿಯೇ ತಿಳಿಯುವ ದಾರಿ 1993ರ ಪೆಂಟಿಯಂ ಜೊತೆ ಬಂತು. ಸಿಪಿಯುಐಡಿ ಎಂಬ ಒಂದು ಸೂಚನೆ. ನೀನು ಯಾರು ಎಂದು ಕರ್ನಲ್ ಕೇಳಿದರೆ ಪ್ರೊಸೆಸರ್ 12 ಅಕ್ಷರಗಳಲ್ಲಿ ತಯಾರಕರ ಹೆಸರು ಹೇಳುತ್ತದೆ. ನಿನಗೆ ಏನೇನು ಬರುತ್ತದೆ ಎಂದರೆ ಒಂದೊಂದು ಗುಣಕ್ಕೆ ಒಂದೊಂದು ಬಿಟ್ ಎತ್ತಿ ತೋರಿಸುತ್ತದೆ. ಅದನ್ನು ಓದಿಕೊಂಡು ಇಂದಿನ ಲಿನಕ್ಸ್ ಎದ್ದೇಳುವ ಹೊತ್ತಿನಲ್ಲೇ ತನ್ನ ಒಡಲಿನ ಸೂಚನೆಗಳನ್ನು ಅಲ್ಲಲ್ಲಿ ತಿದ್ದಿ, ಆ ಪ್ರೊಸೆಸರ್‌ಗೆ ಅಳತೆ ತೆಗೆದು ಹೊಲಿದಂತೆ ಆಗುತ್ತದೆ.

ಆದರೆ ಯಂತ್ರ ತನಗೇ ಗೊತ್ತಿಲ್ಲದ ದೋಷವನ್ನು ಹೇಗೆ ಹೇಳೀತು? 2018ರ ಜನವರಿ 3ರಂದು ಮೆಲ್ಟ್‌ಡೌನ್ ಎಂಬ ದೋಷ ಜಗತ್ತಿಗೆ ತಿಳಿಯಿತು. ಎಷ್ಟೋ ವರ್ಷಗಳಿಂದ ಮಾರಾಟವಾದ ಇಂಟೆಲ್ ಪ್ರೊಸೆಸರ್‌ಗಳಲ್ಲಿ, ಸಾಮಾನ್ಯ ಪ್ರೋಗ್ರಾಂ ಕೂಡ ಕರ್ನಲ್‌ನ ಮೆಮೊರಿಯಲ್ಲಿದ್ದದ್ದನ್ನು ಕದ್ದು ತಿಳಿಯಬಹುದಿತ್ತು. ಚಿಪ್‌ಗಳನ್ನು ಯಾರೂ ಬಿಚ್ಚಿ ಬದಲಿಸುವಂತಿರಲಿಲ್ಲ. ಮತ್ತೆ ಕರ್ನಲೇ ಭಾರ ಹೊತ್ತಿತು. ಪ್ರೋಗ್ರಾಂ ಓಡುವಾಗ ಕರ್ನಲ್‌ನ ಪುಟಗಳು ಬಹುತೇಕ ಪಟ್ಟಿಯಲ್ಲೇ ಇಲ್ಲದಂತೆ ಮಾಡಿ, ಒಳಗೆ ಬಂದಾಗ ಪಟ್ಟಿ ಬದಲಿಸುವ ಏರ್ಪಾಡಾಯಿತು. ಅದಕ್ಕೆ ವೇಗದಲ್ಲಿ ಬೆಲೆ ತೆರಬೇಕು. ಎಎಮ್‌ಡಿ ಎಂಬ ಇನ್ನೊಂದು ಕಂಪನಿಯ ಪ್ರೊಸೆಸರ್‌ಗಳಿಗೆ ಈ ದೋಷ ಇಲ್ಲದ್ದರಿಂದ ಅಲ್ಲಿ ಬೆಲೆ ತೆರುವ ಅಗತ್ಯವಿಲ್ಲ. ಲಿನಕ್ಸ್ ಇಂದು ಪ್ರತಿ ಪ್ರೊಸೆಸರ್‌ನ ಗುಣಗಳ ಪಟ್ಟಿಯ ಕೆಳಗೆ ದೋಷಗಳದ್ದೊಂದು ಸಾಲನ್ನೂ ಬರೆದಿಟ್ಟುಕೊಳ್ಳುತ್ತದೆ.

ಕೊನೆಗೆ ಮತ್ತೆ ಬರ್ಕ್ಲಿಗೆ ಬರೋಣ. 2010ರಲ್ಲಿ ಕ್ರಸ್ತೆ ಅಸಾನೊವಿಚ್, ಡೇವಿಡ್ ಪ್ಯಾಟರ್ಸನ್, ವಿದ್ಯಾರ್ಥಿಗಳಾದ ಆ್ಯಂಡ್ರೂ ವಾಟರ್‌ಮನ್ ಮತ್ತು ಯುನ್ಸುಪ್ ಲೀ ಸೇರಿ ರಿಸ್ಕ್-ಫೈವ್ ಎಂಬ ಹೊಸ ಪ್ರೊಸೆಸರ್ ವಿನ್ಯಾಸವನ್ನು ಕಟ್ಟತೊಡಗಿದರು. ಅದರ ನಿಯಮಗಳನ್ನು ಓದುವಾಗ ಒಂದು ಕಡೆ ನಾನು ಪುಟ ತಿರುವದೆ ನಿಂತುಬಿಟ್ಟೆ. ಪುಟ ಮುಟ್ಟಿದ ಗುರುತಿನ ಬಿಟ್ ಅಲ್ಲಿದೆ. ಅದನ್ನು ಪ್ರೊಸೆಸರ್ ತಾನೇ ಬರೆಯಬಹುದು. ಇಲ್ಲವೇ ತಡೆದು ನಿಲ್ಲಿಸಿ, ಬರೆಯುವ ಕೆಲಸವನ್ನು ಕರ್ನಲ್‌ಗೆ ಬಿಡಬಹುದು. ಎರಡಕ್ಕೂ ಒಪ್ಪಿಗೆಯಿದೆ. 1978ರ ರಜೆಯಲ್ಲಿ ಅದೇ ವಿದ್ಯಾಲಯದ ಇಬ್ಬರು ಹುಡುಗರು ಕೊರತೆಯೊಂದಕ್ಕೆ ಹಾಕಿದ ತೇಪೆ, ಮೂರು ದಶಕ ದಾಟಿ, ಯಂತ್ರ ಕಟ್ಟುವವರಿಗೆ ಕೊಟ್ಟ ಸ್ವಾತಂತ್ರ್ಯವಾಗಿ ನಿಯಮದಲ್ಲಿ ಸೇರಿತ್ತು.

ಬೆಂಗಳೂರಿನಲ್ಲೂ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾದಲ್ಲೂ ಈ ವಿದ್ಯೆ ಕಲಿಯುತ್ತಿರುವ ಕನ್ನಡದ ಮಕ್ಕಳಿಗೆ ನನ್ನದೊಂದು ಮಾತು. ಆ ಹಳೆಯ ಕರ್ನಲ್‌ನ ಮೂಲ ಬರಹ ಇಂದು ಯಾರು ಬೇಕಾದರೂ ಓದುವಂತೆ ಸಿಗುತ್ತದೆ. ಒಂದು ಸಂಜೆ ಬಿಡುವು ಮಾಡಿಕೊಂಡು ಓದಿ. ನಿಮ್ಮ ಕೈಗೆ ಬರುವ ಯಂತ್ರದಲ್ಲೂ ಏನೋ ಒಂದು ಇಲ್ಲದೇ ಇರುತ್ತದೆ. ಅದನ್ನು ತುಂಬುವಾಗ ಮೇಲೆ ಕೂತು ಬೀಜಗಣಿತ ಬಿಡಿಸುವವರಿಗೆ ದಾರ ಕಾಣದಿರಲಿ.