ಪೇತ್ರರು ಬಿಟ್ಟುಬಂದ ಮನೆ

(ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವದ ಪ್ರಬೋಧನೆ – ಜೂನ್ 29)



ಧರ್ಮಸಭೆಯ ಆಧಾರಸ್ತಂಭಗಳಾದ ಪ್ರೇಷಿತ ಪೇತ್ರ ಮತ್ತು ಪೌಲರ ಮಹೋತ್ಸವವನ್ನು ನಾವಿಂದು ಕೊಂಡಾಡುತ್ತಿದ್ದೇವೆ. ಫಿಲಿಪ್ಪನ ಸೆಜರೇಯದ ಪರಿಸರದಲ್ಲಿ ಯೇಸುಸ್ವಾಮಿ ಸಿಮೋನನಿಗೆ ಹೊಸ ಹೆಸರಿಟ್ಟದ್ದನ್ನು ಶುಭಸಂದೇಶದಲ್ಲಿ ಈಗತಾನೇ ಕೇಳಿದೆವು. ಆ ಹೆಸರಿನ ಅರ್ಥ ಬಂಡೆ. ಈ ಬಂಡೆಯ ಬಗ್ಗೆ ಪ್ರತಿ ವರ್ಷವೂ ಪ್ರಬೋಧನೆ ಕೇಳುತ್ತೇವೆ. ಈ ವರ್ಷ ಕಣ್ಣಿಗೆ ಕಾಣುವ ಕೆಲವು ಕಲ್ಲುಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ.

ಅದಕ್ಕೆ ಕಾರಣವುಂಟು. ನಮ್ಮ ಧರ್ಮಕೇಂದ್ರಗಳ ಯುವಜನರು ಇಂದು ನೇರವಾಗಿಯೇ ಕೇಳುತ್ತಾರೆ: "ಫಾದರ್, ಇದೆಲ್ಲ ನಿಜವಾಗಿ ನಡೆದದ್ದೇ, ಇಲ್ಲಾ ಕಟ್ಟಿದ ಕಥೆಯೇ?" ಕೇಳುವುದು ಪಾಪವಲ್ಲ. ಗದರಿಸಿ ಬಾಯಿ ಮುಚ್ಚಿಸುವುದರಿಂದ ಮಾತ್ರ ಯಾರ ವಿಶ್ವಾಸವೂ ಬೆಳೆಯುವುದಿಲ್ಲ. ಇನ್ನೊಂದು ಕಡೆ, ನೋವನ ನಾವೆ ಸಿಕ್ಕಿತಂತೆ ಎಂದು ಮೊಬೈಲಿಗೆ ಬಂದ ಚಿತ್ರವನ್ನು ನಂಬಿ ಹತ್ತು ಮಂದಿಗೆ ಕಳುಹಿಸುವ ಹಿರಿಯರೂ ನಮ್ಮಲ್ಲಿದ್ದಾರೆ. ಅದು ಸುಳ್ಳೆಂದು ಮಗ ಎರಡು ನಿಮಿಷದಲ್ಲಿ ಪತ್ತೆಹಚ್ಚುತ್ತಾನೆ; ಆಮೇಲೆ ಶುಭಸಂದೇಶವನ್ನೂ ಅದೇ ಸಾಲಿಗೆ ಸೇರಿಸಿಬಿಡುತ್ತಾನೆ. ಆದ್ದರಿಂದ ನಿಜವಾಗಿ ಸಿಕ್ಕಿರುವುದೇನು, ಅದು ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬುದನ್ನು ನಾವು ತಿಳಿದಿರಬೇಕು.

ಗಲಿಲೇಯ ಸರೋವರದ ಉತ್ತರ ದಡದಲ್ಲಿ ಕಫೆರ್ನವುಮ್ ಊರು ಶತಮಾನಗಳ ಕಾಲ ಹಾಳುಬಿದ್ದಿತ್ತು. 1894ರಲ್ಲಿ ಫ್ರಾನ್ಸಿಸ್ಕನ್ ಗುರುಗಳು ಆ ಜಾಗವನ್ನು ಕೊಂಡುಕೊಂಡರು. ಅಲ್ಲಿ ಎಂಟು ಮೂಲೆಗಳ ಒಂದು ಪುರಾತನ ದೇವಾಲಯದ ತಳಪಾಯವಿತ್ತು. ಅದು 5ನೇ ಶತಮಾನದ್ದು. 1968ರಲ್ಲಿ ವಿರ್ಜಿಲಿಯೊ ಕೊರ್ಬೊ ಮತ್ತು ಸ್ತಾನಿಸ್ಲಾವೊ ಲೊಫ್ರೆದಾ ಎಂಬ ಇಬ್ಬರು ಫ್ರಾನ್ಸಿಸ್ಕನ್ ಗುರುಗಳು ಅದರಡಿ ಅಗೆಯತೊಡಗಿದರು. ಕೆಳಗೆ 4ನೇ ಶತಮಾನದ ಪ್ರಾರ್ಥನಾಸ್ಥಳ ಕಾಣಿಸಿತು. ಇನ್ನೂ ಕೆಳಗೆ ಹೋದರೆ, ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಕಟ್ಟಿದ ಒಂದು ಮನೆ. ಅರಮನೆಯಲ್ಲ, ಅಕ್ಕಪಕ್ಕದಲ್ಲಿ ಸಿಕ್ಕಿದ ಇತರ ಮನೆಗಳಂಥದೇ ಒಂದು ಮನೆ.

ಅದು ಹೇಗಿತ್ತು ನೋಡಿ. ಕೆತ್ತದ ಕರಿಗಲ್ಲಿನ ಗೋಡೆಗಳು. ಭಾರದ ಚಾವಣಿಯನ್ನು ತಡೆಯುವ ಶಕ್ತಿ ಅವುಗಳಿಗಿರಲಿಲ್ಲ. ಆದ್ದರಿಂದ ಮೇಲೆ ಮರದ ಕೊಂಬೆಗಳನ್ನು ಹಾಸಿ ಮಣ್ಣು ಮೆತ್ತುತ್ತಿದ್ದರು. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಚಾವಣಿ ತೆರೆದು ಕೆಳಗಿಳಿಸಿದರೆಂದು ಮಾರ್ಕನ ಶುಭಸಂದೇಶದಲ್ಲಿ ಓದುವಾಗ, ಅದು ಹೇಗೆ ಸಾಧ್ಯ ಎಂದು ನಮಗೆ ಅನಿಸುತ್ತದೆ. ಕಾಂಕ್ರೀಟ್ ಮನೆಗಳಲ್ಲಿರುವ ನಮಗೆ ಹಾಗನಿಸುವುದು ಸಹಜ. ಆ ಊರಿನವರಿಗೆ ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. (ಮಾರನೆಯ ದಿನ ಅದನ್ನು ಮತ್ತೆ ಮೆತ್ತಿದವರು ಯಾರು ಎಂಬುದನ್ನು ಮಾತ್ರ ಮಾರ್ಕನು ಬರೆದಿಲ್ಲ!) ನೆಲಕ್ಕೂ ಕರಿಗಲ್ಲೇ, ನಡುನಡುವೆ ಸಂದು. ಅಂಥ ನೆಲದ ಮೇಲೆ ಬೆಳ್ಳಿ ನಾಣ್ಯವೊಂದು ಬಿದ್ದರೆ ದೀಪ ಹಚ್ಚಿ, ಕಸಗುಡಿಸಿಯೇ ಹುಡುಕಬೇಕು. ಯೇಸುಸ್ವಾಮಿಯ ಸಾಮತಿಯಲ್ಲಿ ಬರುವ ಹೆಂಗಸು ಮಾಡಿದ್ದೂ ಅದನ್ನೇ.

ಒಂದೇ ಅಂಗಳದ ಸುತ್ತ ಹಲವು ಕೋಣೆಗಳು. ಅಣ್ಣತಮ್ಮಂದಿರು, ಅತ್ತೆ, ಮಕ್ಕಳು ಎಲ್ಲರೂ ಕೂಡಿ ಬಾಳುವ ಮನೆ. ಸಿಮೋನ ಮತ್ತು ಅಂದ್ರೆಯರ ಮನೆಯೆಂದೂ, ಅಲ್ಲಿ ಸಿಮೋನನ ಅತ್ತೆ ಜ್ವರದಿಂದ ಮಲಗಿದ್ದಳೆಂದೂ ಮಾರ್ಕನು ಹೇಳುತ್ತಾನಲ್ಲವೇ? ಪ್ರಾರ್ಥನಾಮಂದಿರದಿಂದ ಹೊರಟು ಯೇಸು ನೇರವಾಗಿ ಆ ಮನೆಗೆ ಬಂದರು. ಅಗೆದು ನೋಡಿದಾಗ ಎರಡರ ನಡುವೆ ಇರುವ ದೂರ ಸುಮಾರು 30 ಮೀಟರ್ ಮಾತ್ರ!

ಹಾಗಾದರೆ ಇದು ಪೇತ್ರರ ಮನೆಯೇ? ಅವರ ಹೆಸರು ಬರೆದ ಫಲಕವೇನೂ ಬಾಗಿಲಲ್ಲಿ ಸಿಕ್ಕಿಲ್ಲ. ನೆಲದ ಪದರಗಳಲ್ಲಿ ಮೀನಿನ ಗಾಳಗಳು ಸಿಕ್ಕಿವೆ. ಆದರೆ ಅದು ಮೀನುಗಾರರ ಊರು. ಗಮನಾರ್ಹವಾದುದು ಬೇರೆಯದೇ. ಅಗೆದ ಗುರುಗಳು ಹೇಳುವ ಪ್ರಕಾರ, 1ನೇ ಶತಮಾನ ಮುಗಿಯುವ ಮುನ್ನವೇ ಆ ಮನೆಯ ಒಂದು ಕೋಣೆಗೆ ಮಾತ್ರ ಗಾರೆ ಮೆತ್ತಲಾಯಿತು. ಅಲ್ಲಿಂದಾಚೆಗೆ ಆ ಕೋಣೆಯಲ್ಲಿ ಅಡುಗೆ ಪಾತ್ರೆಗಳ ಚೂರು ಸಿಗುವುದಿಲ್ಲ, ದೀಪಗಳು ಸಿಗುತ್ತವೆ. ನಂತರ ಬಂದ ಯಾತ್ರಿಕರು ಗಾರೆಯ ಮೇಲೆ ಗೀಚಿ ಬರೆದ ಪ್ರಾರ್ಥನೆಗಳೂ ಇವೆ. ಒಪ್ಪದ ವಿದ್ವಾಂಸರೂ ಇದ್ದಾರೆ; ಕೆಲವು ಅಕ್ಷರಗಳ ಓದಿನ ಬಗ್ಗೆ ವಾದ ಮುಗಿದಿಲ್ಲ. ಆದರೂ ಪೀಳಿಗೆಯಿಂದ ಪೀಳಿಗೆಗೆ ಜನ ಈ ಒಂದೇ ಕೋಣೆಯನ್ನು ಯಾಕೆ ಕಾಪಾಡಿಕೊಂಡು ಬಂದರು ಎಂಬುದಕ್ಕೆ ಬೇರೆ ಕಾರಣ ನಮಗಂತೂ ಕಾಣುವುದಿಲ್ಲ.

ಇನ್ನು ದೋಣಿಯ ವಿಷಯ. 1986ರ ಆರಂಭದಲ್ಲಿ ಬರಗಾಲದಿಂದ ಗಲಿಲೇಯ ಸರೋವರದ ನೀರು ಇಳಿದಾಗ, ಗಿನ್ನೊಸಾರಿನ ಇಬ್ಬರು ಮೀನುಗಾರ ಸಹೋದರರಿಗೆ ಕೆಸರಿನಲ್ಲಿ ಒಂದು ಹಳೆಯ ದೋಣಿಯ ಅಂಚು ಕಾಣಿಸಿತು. ಉದ್ದ 8 ಮೀಟರಿಗೆ ಸ್ವಲ್ಪ ಹೆಚ್ಚು, ಅಗಲ 2.3 ಮೀಟರ್. ಪರೀಕ್ಷಿಸಿದಾಗ ಅದು ಯೇಸುಸ್ವಾಮಿಯ ಕಾಲದ ಆಸುಪಾಸಿನದೆಂದು ತಿಳಿಯಿತು. ಪ್ರವಾಸಿಗಳು ಅದನ್ನು 'ಯೇಸುವಿನ ದೋಣಿ' ಎನ್ನುತ್ತಾರೆ, ಅದಕ್ಕೆ ಆಧಾರವಿಲ್ಲ. ನಮ್ಮ ಮನಸ್ಸನ್ನು ತಟ್ಟಬೇಕಾದದ್ದು ಅದರ ಮರ. ಮುಖ್ಯವಾಗಿ ದೇವದಾರು ಮತ್ತು ಓಕ್ ಮರದ ದೋಣಿ. ಆದರೆ ಅದರಲ್ಲಿ ಒಟ್ಟು ಹತ್ತು ಬಗೆಗೂ ಹೆಚ್ಚು ಮರದ ತುಂಡುಗಳಿವೆ, ನಮ್ಮ ಬೋರೆ ಮರದ ಜಾತಿಯದೂ ಸೇರಿದಂತೆ. ಅಂದರೆ ಕೈಗೆ ಸಿಕ್ಕ ತುಂಡಿನಿಂದ ತೇಪೆ ಹಾಕಿ, ಮತ್ತೆ ತೇಪೆ ಹಾಕಿ, ಇನ್ನು ಆಗದು ಎನ್ನುವವರೆಗೆ ಓಡಿಸಿದ ದೋಣಿ. ನಮ್ಮ ಕರಾವಳಿಯ ಮೀನುಗಾರ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪ್ರಿಯರೇ, ತಾವು ಎಲ್ಲವನ್ನೂ ಬಿಟ್ಟು ಹಿಂಬಾಲಿಸಿದ್ದೇವೆ ಎಂದು ಪೇತ್ರರು ಒಮ್ಮೆ ಯೇಸುವಿಗೆ ಹೇಳುತ್ತಾರೆ. ಆ 'ಎಲ್ಲ' ಎಷ್ಟಿತ್ತೆಂದು ಈಗ ತಿಳಿಯುತ್ತದೆ: ಮಣ್ಣಿನ ಚಾವಣಿಯ ಮನೆಯಲ್ಲಿ ಒಂದು ಪಾಲು, ಬಲೆ, ಇಂಥದೊಂದು ದೋಣಿ. ಶ್ರೀಮಂತನ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ಅದನ್ನು ನಂಬಿ ಒಂದು ಸಂಸಾರವೇ ಇತ್ತು. ಮನೆಯ ಗಂಡಸು ದಡ ಬಿಟ್ಟು ಹೊರಟಾಗ ಒಲೆ ಉರಿಸಿದವರು ಯಾರು? ಜ್ವರ ಬಿಟ್ಟ ಕೂಡಲೇ ಎದ್ದು ಉಪಚರಿಸಿದ ಆ ಅತ್ತೆ, ಮತ್ತು ಹೆಸರೇ ಉಳಿಯದ ಪೇತ್ರರ ಹೆಂಡತಿ. ಮುಂದೆ ಆಕೆಯೂ ಅವರ ಜೊತೆ ಸುವಾರ್ತಾ ಪ್ರಯಾಣದಲ್ಲಿದ್ದಳೆಂದು ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದಿಂದ ತಿಳಿಯುತ್ತದೆ. ಪೇತ್ರರ ಹಬ್ಬದಂದು ಈ ಇಬ್ಬರನ್ನು ನೆನೆಯದಿರುವುದು ನ್ಯಾಯವಲ್ಲ. ಮಗನನ್ನು ಗುರುಮಠಕ್ಕೋ ಮಗಳನ್ನು ಕನ್ಯಾಮಠಕ್ಕೋ ಕಳುಹಿಸಿ, ದುಡಿಯುವ ಎರಡು ಕೈ ಕಡಿಮೆಯಾದರೂ ಗೊಣಗದ ತಾಯಂದಿರು ಈ ಪೀಠದ ಮುಂದೆಯೂ ಕುಳಿತಿದ್ದಾರೆ.

ಪೇತ್ರರು ಬಿಟ್ಟ ಆ ಮನೆಯನ್ನು ದೇವರು ಬಿಡಲಿಲ್ಲ. ಊಟದ ಮನೆ ಪ್ರಾರ್ಥನೆಯ ಮನೆಯಾಯಿತು. ಕುಟುಂಬವೇ ಗೃಹ ಧರ್ಮಸಭೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು ಹೊಸ ಮಾತೇನಲ್ಲ. ಧರ್ಮಸಭೆ ಹುಟ್ಟಿ ಬೆಳೆದದ್ದೇ ಇಂಥ ಕೋಣೆಗಳಲ್ಲಿ. ಇಂದು ರಾತ್ರಿ ಟಿವಿ ಆರಿಸಿ ಜಪಸರಕ್ಕೆ ಕುಳಿತುಕೊಳ್ಳುವ ಮನೆಗಳು ನಮ್ಮಲ್ಲಿ ಎಷ್ಟಿವೆ?

ಸಂತ ಪೌಲರ ಬಗ್ಗೆಯೂ ಒಂದು ಮಾತು. ಕೊರಿಂಥದಲ್ಲಿ ಅವರನ್ನು ರಾಜ್ಯಪಾಲ ಗಲ್ಲಿಯೋನನ ಮುಂದೆ ನಿಲ್ಲಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯ ತಿಳಿಸುತ್ತದೆ. ಗ್ರೀಸಿನ ಡೆಲ್ಫಿಯಲ್ಲಿ ಚೂರುಚೂರಾಗಿ ಸಿಕ್ಕ ಶಾಸನವೊಂದರಲ್ಲಿ, ಸುಮಾರು ಕ್ರಿ.ಶ. 52ರಲ್ಲಿ ಚಕ್ರವರ್ತಿ ಕ್ಲೌದಿಯನು ಇದೇ ಗಲ್ಲಿಯೋನನನ್ನು ಹೆಸರಿಸಿದ್ದಾನೆ. ಪೌಲರ ಜೀವನದ ಕಾಲಗಣನೆಗೆ ವಿದ್ವಾಂಸರು ಹಿಡಿಯುವ ಮೊದಲ ಎಳೆ ಇದೇ. ಗಲ್ಲಿಯೋನನಿಗೆ ಮಾತ್ರ ಆ ದಿನ ಮುಂದೆ ನಿಂತವನು ಯಾರೆಂಬ ಕುತೂಹಲವೂ ಇರಲಿಲ್ಲ.

ಕಲ್ಲುಗಳು ಇಷ್ಟು ಹೇಳುತ್ತವೆ: ಊರು ಇತ್ತು, ಮನೆ ಇತ್ತು, ಅಧಿಕಾರಿ ಇದ್ದ. ಯೇಸು ಜೀವಸ್ವರೂಪ ದೇವರ ಪುತ್ರ ಎಂಬುದನ್ನು ಯಾವ ಗುದ್ದಲಿಯೂ ಅಗೆದು ತೆಗೆಯಲಾರದು. ಅದನ್ನು ಪೇತ್ರರಿಗೆ ತಿಳಿಯಪಡಿಸಿದ್ದು ಸ್ವರ್ಗದಲ್ಲಿರುವ ಪಿತನೆಂದು ಇಂದಿನ ಶುಭಸಂದೇಶವೇ ಸಾರುತ್ತದೆ.

ಈಗ ನಾವು ಎದ್ದುನಿಂತು ವಿಶ್ವಾಸ ಪ್ರಮಾಣವನ್ನು ಹೇಳಲಿದ್ದೇವೆ. ಅದರಲ್ಲಿ ಪೊಂತಿಯುಸ್ ಪಿಲಾತನ ಹೆಸರು ಬರುತ್ತದೆ. ಆ ಹೆಸರನ್ನು ಕೆತ್ತಿದ ಕಲ್ಲು 1961ರಲ್ಲಿ ಕಡಲತೀರದ ಸೆಜರೇಯದಲ್ಲಿ ಸಿಕ್ಕಿತು. ಪುರಾತನ ರಂಗಮಂದಿರವೊಂದರ ಮೆಟ್ಟಿಲಿಗೆ ಅದನ್ನು ಬಳಸಿಬಿಟ್ಟಿದ್ದರು. ಮಕ್ಕಳೇ, ಆ ಹೆಸರು ಬಂದಾಗ ಅವಸರದಲ್ಲಿ ನುಂಗಬೇಡಿ, ಸ್ಪಷ್ಟವಾಗಿ ಹೇಳಿ.