ಅಭಿಮಾನ ಮತ್ತು ನಿಷ್ಠೆ

(ವಜ್ರಳ್ಳಿಯಲ್ಲಿ ತಾಳಮದ್ದಳೆ ಕೂಟದ ಆರಂಭದಲ್ಲಿ ದಯಪಾಲಿಸಿದ ಆಶೀರ್ವಚನ)



ಅಡಿಕೆ ತೋಟದ ಕೆಲಸದಲ್ಲಿ ಹಗಲೆಲ್ಲ ದಣಿದವರು, ರಾತ್ರಿ ನಿದ್ದೆಗೆಡುವುದಕ್ಕೆ ಇಷ್ಟು ಉತ್ಸಾಹದಿಂದ ಬಂದು ಕುಳಿತಿದ್ದೀರಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ಭಾಗವತರು ತಾಳ ಹಿಡಿಯುತ್ತಾರೆ. ಪದ ಕೇಳಲು ಬಂದವರನ್ನು ಸ್ವಾಮಿಗಳ ಮಾತಿನಲ್ಲಿ ಬಹಳ ಹೊತ್ತು ಕೂಡಿಸಿಕೊಳ್ಳುವುದು ನ್ಯಾಯವಲ್ಲ. ಆದರೂ ಯಕ್ಷಗಾನದ ಅಭಿಮಾನಿಗಳು ಸೇರಿದ ಕಡೆಯಲ್ಲಿಯೇ ಹೇಳಬೇಕಾದ ಒಂದು ಮಾತು ನಮ್ಮಲ್ಲಿದೆ. ಅದನ್ನು ಹೇಳಿ ವೇದಿಕೆಯನ್ನು ಭಾಗವತರಿಗೆ ಒಪ್ಪಿಸುತ್ತೇವೆ.

ಘಟ್ಟದ ಮೇಲಿನ ಒಂದು ಊರಿನಿಂದ ನಾಲ್ಕಾರು ಹಿರಿಯರು ಇತ್ತೀಚೆಗೆ ಮಠಕ್ಕೆ ಬಂದಿದ್ದರು. ಅವರದು ಸಣ್ಣದೊಂದು ತಾಳಮದ್ದಳೆ ಸಂಘ. ಹವ್ಯಕರಿದ್ದಾರೆ, ನಮ್ಮ ಲಿಂಗವಂತರಿದ್ದಾರೆ, ಅಂಗಡಿ ಇಟ್ಟ ಒಬ್ಬ ಮುಸಲ್ಮಾನರಿದ್ದಾರೆ. ಮದ್ದಳೆಗೆ ಒಬ್ಬ ಸಿದ್ದಿ ಹುಡುಗ. ಅವನ ಮನೆಯವರು ಕ್ರೈಸ್ತರು. ಆರಂಭದ ಗಣಪತಿ ಪೂಜೆಯ ಹೊತ್ತಿಗೆ ಆ ಹುಡುಗ ಕೈಕಟ್ಟಿ, ತಲೆಬಾಗಿಸಿ ನಿಲ್ಲುತ್ತಿದ್ದ, ಮಂಗಳಾರತಿ ತೆಗೆದುಕೊಳ್ಳುತ್ತಿರಲಿಲ್ಲ. ಮದ್ದಳೆಗೆ ಕೈಯಿಡುವ ಮುಂಚೆ ಮಾತ್ರ ಕಣ್ಣುಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದ. ಒಂದು ದಿನ ಚಹಾದ ವೇಳೆಯಲ್ಲಿ ಯಾರೋ ಅದೇನೆಂದು ಕೇಳಿದರು. ‘ನಮ್ಮ ಯೇಸುಸ್ವಾಮಿಯನ್ನು ನೆನೆಯುತ್ತೇನೆ, ಕೈ ತಪ್ಪದಿರಲಿ ಅಂತ’ ಎಂದನಂತೆ. ಆಗ ನಮ್ಮ ಮಠದ ಶಿಷ್ಯರೇ ಆದ ಒಬ್ಬರು, ಓದಿಕೊಂಡವರು, ನಗುತ್ತ, ‘ತಮ್ಮಾ, ನಿನ್ನ ದೇವ್ರಿಗೆ ತಾಳ ಗೊತ್ತದ್ಯೇನೋ?’ ಎಂದುಬಿಟ್ಟರು. ನಾಲ್ಕು ಜನ ನಕ್ಕರು. ಹುಡುಗ ಮದ್ದಳೆಗೆ ಗವಸು ಹಾಕಿ, ಗೋಡೆಗೆ ಒರಗಿಸಿಟ್ಟು ಹೊರಟುಹೋದ. ಮತ್ತೆ ಬರಲಿಲ್ಲ. ಸಂಘದ ತಾಳಮದ್ದಳೆಯೂ ನಿಂತಿತು.

ಹಿರಿಯರು ನಮ್ಮಲ್ಲಿ ಕೇಳಿದ್ದು ಇಷ್ಟೆ: ‘ಅಜ್ಜಾರ, ಸಂಘದಲ್ಲಿ ಯಾರೂ ತಮ್ಮ ತಮ್ಮ ದೇವರ ಮಾತು ಎತ್ತಬಾರದು ಅಂತ ಒಂದು ನಿಯಮ ಮಾಡಿಬಿಡೋಣವೇ?’ ಬೇಡ ಎಂದೆವು. ಏಕೆ ಬೇಡ ಎಂಬುದೇ ಇಂದಿನ ಮಾತು.

ಭಕ್ತಮಹಾಶಯರೇ, ನೀವೆಲ್ಲ ನಿಮ್ಮನ್ನು ಅಭಿಮಾನಿಗಳೆಂದು ಕರೆದುಕೊಳ್ಳುತ್ತೀರಿ. ಈ ಅಭಿಮಾನವೆಂಬ ಶಬ್ದ ಎರಡು ಅಲಗಿನದು. ಸಾಂಖ್ಯಶಾಸ್ತ್ರದವರು ಅಹಂಕಾರದ ಲಕ್ಷಣವನ್ನು ಹೇಳುವಾಗ ಬಳಸಿದ ಪದವೇ ಇದು. ‘ನಾನು, ನನ್ನದು’ ಎಂಬ ಭಾವಕ್ಕೆ ಅವರು ಅಭಿಮಾನವೆಂದರು. ಕನ್ನಡದ ಜನ ಅದೇ ಶಬ್ದವನ್ನು ತೆಗೆದುಕೊಂಡು ಪ್ರೀತಿಗೆ ಹೆಸರಾಗಿಸಿದರು. ಡಾ. ರಾಜ್‌ಕುಮಾರರು ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳೇ’ ಎಂದು ಕರೆಯುತ್ತಿದ್ದುದನ್ನು ನೀವು ಕೇಳಿದ್ದೀರಿ. ಆ ಒಬ್ಬರೇ ನಟರು 1954ರಲ್ಲಿ ಬೇಡರ ಕಣ್ಣಪ್ಪನಾದರು, 1962ರಲ್ಲಿ ಮಹಾತ್ಮ ಕಬೀರರಾದರು, 1966ರ ಮಂತ್ರಾಲಯ ಮಹಾತ್ಮೆಯಲ್ಲಿ ರಾಘವೇಂದ್ರಸ್ವಾಮಿಗಳಾದರು, 1974ರಲ್ಲಿ ಪಂಢರಪುರದ ವಿಠಲನ ಭಕ್ತ ಕುಂಬಾರನಾದರು. ಒಂದೇ ಟಾಕೀಸಿನ ಬೆಂಚಿನಲ್ಲಿ ಕುಳಿತು ಶೈವನೂ ವೈಷ್ಣವನೂ ಮುಸಲ್ಮಾನನೂ ಕಣ್ಣೀರು ಹಾಕಿದರು. ಯಾರೂ ಟಿಕೆಟ್ಟಿನ ಜೊತೆಗೆ ತಮ್ಮ ಮತವನ್ನು ಬಾಗಿಲಲ್ಲಿ ಹರಿದುಕೊಟ್ಟು ಒಳಗೆ ಹೋಗಲಿಲ್ಲ.

ಇದು ಹೇಗೆ ಸಾಧ್ಯವಾಗುತ್ತದೆ? ನಮ್ಮ ಅಲಂಕಾರಶಾಸ್ತ್ರದಲ್ಲಿ ಇದರ ವಿಚಾರ ಬಹಳ ಆಳವಾಗಿ ನಡೆದಿದೆ. ಭಟ್ಟನಾಯಕನೆಂಬ ಆಚಾರ್ಯನು ಇದನ್ನು ಸಾಧಾರಣೀಕರಣವೆಂದು ಕರೆದನು. ಕಾಶ್ಮೀರದ ಶೈವಾಚಾರ್ಯನಾದ ಅಭಿನವಗುಪ್ತನು ಅದನ್ನು ಮತ್ತೂ ವಿಸ್ತರಿಸಿದನು. ರಂಗದ ಮೇಲಿನ ದುಃಖ ನನ್ನದೂ ಅಲ್ಲ, ಬೇರೆಯವನದೂ ಅಲ್ಲ. ‘ಇದು ನನ್ನದು, ಅದು ಅವನದು’ ಎಂಬ ಗಡಿ ಆ ಹೊತ್ತಿಗೆ ಕರಗುತ್ತದೆ, ಆಗಲೇ ರಸಾನುಭವ. ಹಾಗೆ ಹೃದಯ ಸಮವಾದವನೇ ಸಹೃದಯ. ಆದರೆ ಒಂದು ಮಾತನ್ನು ಮರೆಯಬಾರದು. ಈ ಕರಗುವಿಕೆ ರಸವಿರುವಷ್ಟು ಹೊತ್ತು ಮಾತ್ರ. ಭಾಗವತರು ಮಂಗಳ ಹಾಡಿದ ಮೇಲೆ ಟಾರ್ಚು ಹಿಡಿದು ನಿಮ್ಮ ನಿಮ್ಮ ಮನೆಯ ದಾರಿ ಹಿಡಿಯುತ್ತೀರಿ. ಬೆಳಗಾದರೆ ಒಬ್ಬನು ಸಂಧ್ಯಾವಂದನೆಗೆ ಕೂರುತ್ತಾನೆ, ಒಬ್ಬನು ಇಷ್ಟಲಿಂಗವನ್ನು ಕರಸ್ಥಲಕ್ಕೆ ತರುತ್ತಾನೆ, ಒಬ್ಬನು ಮಸೀದಿಗೆ, ಒಬ್ಬನು ಇಗರ್ಜಿಗೆ. ರಸದಲ್ಲಿ ಒಂದಾಗಿದ್ದು ನಿಜ. ನಿಷ್ಠೆಯಲ್ಲಿ ಬೇರೆಯಾಗಿರುವುದೂ ನಿಜ. ಎರಡಕ್ಕೂ ಗೌರವ ಸಲ್ಲಬೇಕು.

ಯಕ್ಷಗಾನವಂತೂ ಇದಕ್ಕೆ ಹಳೆಯ ಸಾಕ್ಷಿ. ಕರಾವಳಿಯ ಮೂಲ್ಕಿಯ ಬಳಿ ಶಾಂಭವಿ ನದಿಯ ದಂಡೆಯಲ್ಲಿ ಬಪ್ಪನಾಡು ದುರ್ಗಾಪರಮೇಶ್ವರಿಯ ದೇವಾಲಯವಿದೆ. ಅದರ ಐತಿಹ್ಯದಲ್ಲಿ ಮುಖ್ಯನಾದವನು ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವ್ಯಾಪಾರಿ. ಅವನ ಕಥೆ ಯಕ್ಷಗಾನ ಪ್ರಸಂಗವಾಯಿತು. ಆ ಬಪ್ಪ ಬ್ಯಾರಿಯ ಪಾತ್ರವನ್ನು ಜನಮನದಲ್ಲಿ ನಿಲ್ಲಿಸಿದವರು ಯಾರು? 1918ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರು, ಕಾಸರಗೋಡು ಸೀಮೆಯ ಬ್ರಾಹ್ಮಣರು. ಇನ್ನೊಂದು ಕಡೆ ನೋಡಿ: ಸಂಪಾಜೆಯ ಜಬ್ಬಾರ್ ಸಮೋ ಅವರು ಮುಸ್ಲಿಂ ಮನೆತನದವರು, ಪುರಾಣಪಾತ್ರಗಳಿಗೆ ಅರ್ಥ ಹೇಳಿ ತಾಳಮದ್ದಳೆಯ ರಸಿಕರ ಗೌರವವನ್ನು ಪಡೆದವರು. ಬ್ಯಾರಿಯ ಪಾತ್ರ ಮಾಡಿದ್ದರಿಂದ ಶೇಣಿಯವರ ಜನಿವಾರ ಸಡಿಲವಾಗಲಿಲ್ಲ. ಕೃಷ್ಣನ ಕಥೆಗೆ ಅರ್ಥ ಹೇಳಿದ್ದರಿಂದ ಜಬ್ಬಾರರ ನಮಾಜಿಗೆ ಭಂಗವಿಲ್ಲ.

ದೂರದ ಮಾತೇಕೆ, ನಮ್ಮ ಘಟ್ಟವನ್ನೇ ನೋಡಿ. ಇಲ್ಲಿಂದ ಶಿರಸಿಯ ಕಡೆಗೆ ಹೋದರೆ ಸೋಂದೆ ಸಿಗುತ್ತದೆ. ಅಲ್ಲಿ ವಾದಿರಾಜರ ಮಾಧ್ವಮಠವಿದೆ, ಅದ್ವೈತದ ಸ್ವರ್ಣವಲ್ಲಿ ಮಠವಿದೆ, ಜೈನಮಠವಿದೆ. ಆ ಸೀಮೆಯನ್ನಾಳಿದ ಅರಸುಮನೆತನದಲ್ಲಿ ಲಿಂಗಧಾರಣೆಯ ಆಚರಣೆಯಿತ್ತು. ಇನ್ನು ಸಿದ್ದಿ ಸಮಾಜ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಇರುವ ಇವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಡಮಾಮಿಯ ಪೆಟ್ಟು ಬಿದ್ದರೆ ಹೆಜ್ಜೆ ಒಂದೇ. ತಾಳ ಯಾವ ದೇವರಿಗೆ ಗೊತ್ತು ಎಂದು ಕೇಳಬೇಕಾದರೆ ಮೊದಲು ಅವರ ಕೇರಿಗೆ ಹೋಗಿ ಕೇಳಬೇಕು!

ಹಾಗಾದರೆ ಜಗಳ ಎಲ್ಲಿಂದ ಬರುತ್ತದೆ? ನ್ಯಾಯಶಾಸ್ತ್ರದಲ್ಲಿ ಮಾತುಕತೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ತಿಳಿಯಬೇಕೆಂದು ನಡೆಸುವುದು ವಾದ. ಗೆಲ್ಲಬೇಕೆಂದು, ಛಲ ಮೊದಲಾದವನ್ನು ಬಳಸಿಯಾದರೂ ನಡೆಸುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಇಡದೆ ಎದುರಿನವನದನ್ನು ಬರಿದೆ ಕೆಡಹುವುದು ವಿತಂಡೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಮಾತೇ. ಅಲ್ಲಿ ಅರ್ಥಧಾರಿಗಳಿಗೆ ಜಲ್ಪಕ್ಕೂ ಅವಕಾಶವುಂಟು. ವಾಲಿಯಾದವನು ರಾಮನನ್ನು ಬಾಣದಂಥ ಪ್ರಶ್ನೆಗಳಿಂದ ನೋಯಿಸಬೇಕು, ಇಲ್ಲದಿದ್ದರೆ ನಿಮಗೇ ರುಚಿಸುವುದಿಲ್ಲ. ಆದರೆ ಪ್ರಸಂಗ ಮುಗಿದೊಡನೆ ವಾಲಿಯೂ ರಾಮನೂ ಒಂದೇ ಬಾಳೆಯೆಲೆಯ ಸಾಲಿನಲ್ಲಿ ಊಟಕ್ಕೆ ಕೂರುತ್ತಾರೆ. ಅರ್ಥಗಾರಿಕೆ ವೇದಿಕೆಯ ಮೇಲೆಯೇ ಉಳಿಯಬೇಕು. ಅದನ್ನು ಚಹಾದ ಬೆಂಚಿಗೆ ತಂದು, ಪಕ್ಕದವನ ದೇವರ ಮೇಲೆ ಪ್ರಯೋಗಿಸಿದರೆ ವಿತಂಡೆಯಾಗುತ್ತದೆ. ಆ ಶಿಷ್ಯರು ಮಾಡಿದ್ದು ಅದನ್ನೇ. ಹುಡುಗನು ವಾದ ಹೂಡಿರಲಿಲ್ಲ. ಕೇಳಿದ್ದಕ್ಕೆ ತನ್ನ ಅನುಭವವನ್ನು ಹೇಳಿದ್ದ. ಅನುಭವಕ್ಕೆ ಖಂಡನೆಯುಂಟೇ?

ಇಂದು ಇಲ್ಲಿ ‘ಶರಸೇತು ಬಂಧನ’ ನಡೆಯಲಿದೆ. ಕಥೆ ನಿಮಗೆಲ್ಲ ಗೊತ್ತು. ಅರ್ಜುನನು ಕೃಷ್ಣನ ಭಕ್ತ, ಹನುಮಂತನು ರಾಮನ ಭಕ್ತ. ಇಬ್ಬರ ನಿಷ್ಠೆಯಲ್ಲಿಯೂ ಕೊರತೆಯಿಲ್ಲ. ಕೊರತೆ ಬಂದದ್ದು ಪಂಥ ಕಟ್ಟಿದಾಗ. ಬಾಣದ ಸೇತುವೆ ಮುರಿದರೆ ಅರ್ಜುನನು ಬೆಂಕಿಗೆ ಬೀಳಬೇಕು. ಮುರಿದದ್ದೂ ಆಯಿತು. ಆಗ ಮುದುಕ ಬ್ರಾಹ್ಮಣನಾಗಿ ಬಂದ ಭಗವಂತನು ಏನು ಕೇಳುತ್ತಾನೆ? ಯಾರು ದೊಡ್ಡವರೆಂದು ಕೇಳುವುದಿಲ್ಲ. ‘ನಿಮ್ಮ ಪಂಥಕ್ಕೆ ಸಾಕ್ಷಿ ಯಾರಿದ್ದರು?’ ಎನ್ನುತ್ತಾನೆ. ಎಂಥ ಪ್ರಶ್ನೆ! ದೇವರ ವಿಷಯದಲ್ಲಿ ಪಂಥ ಕಟ್ಟಿದರೆ ಹೊರಗೆ ನಿಂತು ತೀರ್ಪು ಹೇಳುವ ಸಾಕ್ಷಿಯನ್ನು ಎಲ್ಲಿಂದ ತರುತ್ತೀರಿ? ಎರಡನೆಯ ಸಲ ಸೇತುವೆ ಉಳಿಯುತ್ತದೆ. ಕೆಳಗೆ ಬೆನ್ನುಕೊಟ್ಟವನು ಅವನೇ. ಸೇತುವೆ ಉಳಿದ ಮೇಲೂ ಹನುಮಂತನು ರಾಮನನ್ನು ಬಿಡಲಿಲ್ಲ, ಅರ್ಜುನನು ಕೃಷ್ಣನನ್ನು ಬಿಡಲಿಲ್ಲ. ಹನುಮಂತನು ಅರ್ಜುನನ ರಥದ ಧ್ವಜಕ್ಕೆ ಬಂದು ಕುಳಿತನು. ಕನ್ನಡದಲ್ಲಿ ಪಂಥವೆಂದರೆ ಮತವೂ ಹೌದು, ಪಣವೂ ಹೌದು. ಪಂಥವಿರಲಿ, ಪಂಥ ಕಟ್ಟುವುದು ಬೇಡ. ಈ ಪ್ರಸಂಗದ ತಾತ್ಪರ್ಯವನ್ನು ನಾವು ಹೀಗೆ ಗ್ರಹಿಸುತ್ತೇವೆ.

ಈಗ ನಮ್ಮ ಲಿಂಗವಂತ ಭಕ್ತರಿಗೆ ವಿಶೇಷವಾಗಿ ಒಂದು ಮಾತು. ಏಕದೇವನಿಷ್ಠೆಯನ್ನು ಬಸವಾದಿ ಶರಣರಷ್ಟು ಕಟ್ಟುನಿಟ್ಟಾಗಿ ಹೇಳಿದವರು ಕಡಿಮೆ. ಶರಣಸತಿ ಲಿಂಗಪತಿ ಎಂಬ ಭಾವ ನಮ್ಮದು. ಮನೆಯ ತಾಯಂದಿರು ಲಿಂಗಪೂಜೆಯಿಲ್ಲದೆ ಒಂದು ಗುಟುಕು ನೀರು ಮುಟ್ಟದಿದ್ದರೆ ನಾವು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಾಗಿದ್ದ ಮೇಲೆ, ಕ್ರೈಸ್ತರ ಹುಡುಗನು ಮಂಗಳಾರತಿಗೆ ಕೈಯೊಡ್ಡದೆ, ಆದರೆ ತಲೆಬಾಗಿ ನಿಂತಿದ್ದರೆ, ಅವನ ಮನಸ್ಸು ಎಲ್ಲರಿಗಿಂತ ಮೊದಲು ಯಾರಿಗೆ ಅರ್ಥವಾಗಬೇಕು? ನಮಗಲ್ಲವೇ? ಒಂದು ನಿಷ್ಠೆಯುಳ್ಳವನಿಗೆ ಇನ್ನೊಬ್ಬರ ನಿಷ್ಠೆಯ ಬೆಲೆ ತಿಳಿಯದಿದ್ದರೆ, ಅವನದು ನಿಷ್ಠೆಯಾಗದೆ ಸಾಂಖ್ಯರು ಹೇಳಿದ ಅಭಿಮಾನವಾಗಿ ಉಳಿಯುತ್ತದೆ.

ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪವನ್ನು ನೆನೆಯಿರಿ. ಮಡಿವಾಳ ಮಾಚಿದೇವರು, ನುಲಿಯ ಚಂದಯ್ಯನವರು, ಅಂಬಿಗರ ಚೌಡಯ್ಯನವರು, ಅಕ್ಕಮಹಾದೇವಿಯವರು. ಬಸವಣ್ಣನವರ ಅಂಕಿತ ಕೂಡಲಸಂಗಮದೇವ, ಪ್ರಭುದೇವರದು ಗುಹೇಶ್ವರ, ಅಕ್ಕನದು ಚೆನ್ನಮಲ್ಲಿಕಾರ್ಜುನ. ಚೌಡಯ್ಯನವರಂತೂ ತಮ್ಮ ಹೆಸರನ್ನೇ ಅಂಕಿತವಾಗಿಸಿದರು. ಒಬ್ಬೊಬ್ಬರೂ ತಮ್ಮ ಬಾಯಿಂದ, ತಮ್ಮ ಅಂಕಿತದಲ್ಲಿ ತಮ್ಮ ಅನುಭಾವವನ್ನು ಹೇಳಿದರು. ಎಲ್ಲರ ಬಾಯಿ ಮುಚ್ಚಿಸಿದ್ದರೆ ಜಗಳವೇನೋ ಇರುತ್ತಿರಲಿಲ್ಲ, ವಚನಗಳೂ ಇರುತ್ತಿರಲಿಲ್ಲ. ಆದ್ದರಿಂದಲೇ ಆ ಹಿರಿಯರಿಗೆ ಮೌನದ ನಿಯಮ ಬೇಡವೆಂದೆವು. ಹತ್ತು ವರ್ಷ ಒಟ್ಟಿಗೆ ತಾಳ ಹಾಕಿದವನ ಎದೆಯಲ್ಲಿ ಯಾವ ದೇವರಿದ್ದಾನೆಂದು ತಿಳಿಯದೆ ಇರುವುದು ಎಂಥ ಸ್ನೇಹ?

ಅದರ ಬದಲು ಮೂರು ಮಾತು ಹೇಳಿಕಳಿಸಿದೆವು. ಅವು ನಿಮಗೂ ಸಲ್ಲುತ್ತವೆ.

ಮೊದಲನೆಯದು, ಹೇಳುವವನ ಧರ್ಮ. ಕೇಳಿದರೆ ಹೇಳಿರಿ, ನಡೆದದ್ದನ್ನು ಹೇಳಿರಿ. ‘ನನಗೆ ಹೀಗಾಯಿತು’ ಎಂಬಲ್ಲಿಗೆ ಮಾತು ನಿಲ್ಲಲಿ. ‘ಆದ್ದರಿಂದ ನೀನೂ ಹೀಗೆ ಮಾಡು’ ಎಂಬಲ್ಲಿಗೆ ಹೋಗದಿರಲಿ. ನಮ್ಮಲ್ಲಿ ದೀಕ್ಷೆ ಬೇಡಿ ಬಂದವನಿಗುಂಟು; ದಾರಿಯಲ್ಲಿ ಹೋಗುವವನ ಕೈಗೆ ಯಾರೂ ಲಿಂಗವನ್ನು ತುರುಕುವುದಿಲ್ಲ.

ಎರಡನೆಯದು, ಕೇಳುವವನ ಧರ್ಮ. ಪದ ಕೇಳುವಾಗ ತೋರುವ ಸಹೃದಯತೆಯನ್ನು ಮನುಷ್ಯನ ಮಾತಿಗೂ ತೋರಿರಿ. ಒಪ್ಪಬೇಕೆಂದಿಲ್ಲ, ನಗಬಾರದು. ಒಬ್ಬನ ಮಾತಿನಿಂದ ಅವನ ಮತದವರನ್ನೆಲ್ಲ ಅಳೆಯಲೂ ಬಾರದು. ಒಂದು ಅಗುಳು ಹಿಸುಕಿ ಪಾತ್ರೆಯನ್ನೆಲ್ಲ ತಿಳಿಯುವ ಸ್ಥಾಲೀಪುಲಾಕನ್ಯಾಯ ಅನ್ನಕ್ಕೆ ಸರಿ, ಜನರಿಗೆ ಸಲ್ಲದು.

ಮೂರನೆಯದು, ಸಂಘದ ಧರ್ಮ. ಗಣಪತಿ ಪೂಜೆ ಯಕ್ಷಗಾನದ ಸಂಪ್ರದಾಯ, ಅದು ನಡೆಯಲೇಬೇಕು. ಮಂಗಳಾರತಿ ತೆಗೆದುಕೊಳ್ಳುವುದು, ಬಿಡುವುದು ಅವರವರಿಗೆ ಬಿಟ್ಟದ್ದು. ‘ಎಲ್ಲ ದೇವರೂ ಒಂದೇ, ತಗೋ’ ಎಂದು ಒತ್ತಾಯಿಸುವುದು ಸಹ ಒಂದು ಬಗೆಯ ದಬ್ಬಾಳಿಕೆಯೇ. ಒಂದೇ ಎಂಬುದು ಅವರವರ ಸಾಧನೆಯಿಂದ ಕಂಡುಕೊಳ್ಳಬೇಕಾದ ಸತ್ಯ. ಇನ್ನೊಬ್ಬನ ಬಾಯಿ ಮುಚ್ಚಿಸುವುದಕ್ಕೆ ಅದನ್ನು ಬಳಸಬಾರದು.

ನಕ್ಕ ಶಿಷ್ಯರನ್ನು ಕರೆಸಿ, ಆ ಹುಡುಗನ ಮನೆಗೆ ಹೋಗಿಬರಲು ಅಪ್ಪಣೆ ಮಾಡಿದೆವು. ತಪ್ಪಾಯಿತು ಎಂದು ಹೇಳಿ ಎದ್ದುಬರುವುದಲ್ಲ. ಕುಳಿತು, ಅವನ ಪ್ರಾರ್ಥನೆ ಏನೆಂದು ಕೇಳಿಕೊಂಡು ಬರಬೇಕೆಂದೆವು. ಅವರು ಹೋದರು, ಕೇಳಿದರು. ಹುಡುಗ ಇನ್ನೂ ಸಂಘಕ್ಕೆ ಮರಳಿಲ್ಲ. ಮರಳುತ್ತಾನೆಂಬ ಭರವಸೆ ನಮಗಿದೆ. ಮರಳಲೇಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆಡಿದ ಮಾತು ಒಂದು ಕ್ಷಣದ್ದು. ಅದರ ಗಾಯ ಮಾಯಲು ಅದರದೇ ಕಾಲ ಬೇಕು.

ಈ ವಜ್ರಳ್ಳಿಯಲ್ಲಿ ಕೆರೆಮನೆಯ ಶಿಸ್ತೇ ಮೇಲು ಎನ್ನುವವರೂ ಇದ್ದೀರಿ, ಚಿಟ್ಟಾಣಿಯವರ ಕುಣಿತವೇ ಮೇಲು ಎನ್ನುವವರೂ ಇದ್ದೀರಿ. ಆ ಜಗಳ ಬೆಳಗಿನವರೆಗೂ ನಡೆಯಲಿ, ಅದರಿಂದ ಕಲೆ ಬೆಳೆಯುತ್ತದೆ. ದೇವರ ವಿಷಯ ಬಂದಾಗ ಮಾತ್ರ ದನಿ ತಗ್ಗಲಿ, ಕಿವಿ ದೊಡ್ಡದಾಗಲಿ. ನಿಮ್ಮ ಅಭಿಮಾನವು ಪ್ರೀತಿಯಾಗಿ ಉಳಿಯಲಿ, ನಿಮ್ಮ ನಿಷ್ಠೆಯು ನಿಮ್ಮನ್ನು ಕಾಯಲಿ. ಕಲಾವಿದರಿಗೆ ಆಯುರಾರೋಗ್ಯ ಲಭಿಸಲಿ, ತೋಟ ಗದ್ದೆಗಳು ಫಲಿಸಲಿ, ಈ ಊರಿನ ಮೇಲೆ ಪರಶಿವನ ಕೃಪೆಯಿರಲಿ ಎಂದು ಹಾರೈಸುತ್ತೇವೆ.

ಇನ್ನು ಭಾಗವತರು ಪದ ಎತ್ತಲಿ.