ರಜೆಯ ಪತ್ರದಲ್ಲಿ ಒಂದು ಹೆಸರು

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಹೋದ ವಾರ ಮಗಳ ಶಾಲೆಯಿಂದ ಪ್ರಿನ್ಸಿಪಾಲರ ಪತ್ರ ಬಂತು. ನಿಮಗೂ ಇಂಥವು ಬರುತ್ತಿರುತ್ತವೆ. ವಾರ್ಷಿಕೋತ್ಸವ ಚೆನ್ನಾಗಿ ನಡೆಯಿತು, ವಿಜ್ಞಾನಕ್ಕೆ ಹೊಸ ಶಿಕ್ಷಕರು ಬಂದಿದ್ದಾರೆ, ಒಂದನೇ ತರಗತಿಯ ಟೀಚರ್ ಹೆರಿಗೆ ರಜೆಯಲ್ಲಿದ್ದಾರೆ, ಅವರ ತರಗತಿಯನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ಹಿಂಜವಡಿಯ ಟ್ರಾಫಿಕ್‌ನಲ್ಲಿ ಕ್ಯಾಬ್ ನಿಂತಿತ್ತು, ಹಾಗಾಗಿ ಎರಡು ಸಲ ಓದಿದೆ. ಆ ‘ಇನ್ನೊಬ್ಬರು’ ಯಾರೆಂದು ಎಲ್ಲೂ ಬರೆದಿರಲಿಲ್ಲ.

ಆಗ ಇದೇ ಪುಣೆಯ ಇನ್ನೊಬ್ಬ ಮುಖ್ಯೋಪಾಧ್ಯಾಯಿನಿಯ ಪತ್ರ ನೆನಪಾಯಿತು. ಸಾವಿತ್ರಿಬಾಯಿ ಫುಲೆ 1856ರ ಅಕ್ಟೋಬರ್ 10ರಂದು ಬರೆದದ್ದು.

ದಗಡೂಶೇಠ್ ಗಣಪತಿಗೆ ಕೈಮುಗಿಯದವರು ನಮ್ಮಲ್ಲಿ ಯಾರೂ ಇಲ್ಲ. ಅದರ ಎದುರಿಗೇ ಭಿಡೆ ವಾಡ ಇತ್ತು. 1848ರಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಅಲ್ಲಿ. ಸ್ಮಾರಕ ಕಟ್ಟಲೆಂದು ಆ ಶಿಥಿಲ ಕಟ್ಟಡವನ್ನು 2023ರ ಡಿಸೆಂಬರ್‌ನಲ್ಲಿ ಕೆಡವಿದರು. ಪುಣೆಗೆ ಬಂದು ಎಷ್ಟೋ ವರ್ಷ ನಾನು ಅದರ ಮುಂದೆ ಚಪ್ಪಲಿ, ಬಳೆ ಕೊಳ್ಳುತ್ತಾ ಓಡಾಡಿದ್ದೇನೆ. ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ.

ಪತ್ರ ಬರೆದಾಗ ಸಾವಿತ್ರಿಬಾಯಿಗೆ 25 ವರ್ಷ. ಕಾಯಿಲೆ ಬಿದ್ದು ತವರೂರಾದ ಸಾತಾರಾ ಕಡೆಯ ನಾಯಗಾಂವ್‌ಗೆ ಹೋಗಿದ್ದರು. ಸೋದರ ಆರೈಕೆ ಮಾಡುತ್ತಿದ್ದ. ಪೂರ್ತಿ ಗುಣವಾದ ಕೂಡಲೇ ಪುಣೆಗೆ ಬರುತ್ತೇನೆ ಎಂದು ಗಂಡನಿಗೆ ತಿಳಿಸುತ್ತಾರೆ. ಅದರ ಜೊತೆಗೇ, ತಾನಿಲ್ಲದ್ದರಿಂದ ಫಾತಿಮಾಗೆ ತೊಂದರೆಯಾಗುತ್ತಿರಬೇಕು, ಆದರೂ ಆಕೆ ಗೊಣಗುವವಳಲ್ಲ ಎಂಬರ್ಥದ ಮಾತು ಬರೆಯುತ್ತಾರೆ. ಅಷ್ಟೇ. ಆಮೇಲೆ ಊರಿನ ಸಮಾಚಾರ. ಮಹಾರ್, ಮಾಂಗ್ ಜನರಿಗೆ ಕಲಿಸುತ್ತೀರಿ, ಅದಕ್ಕೇ ನಿಮಗೆ ಬಹಿಷ್ಕಾರ ಎಂದು ಸೋದರ ವಾದಕ್ಕಿಳಿದದ್ದು, ನಾಗರಪಂಚಮಿಗೆ ವಿಷದ ಹಾವಿಗೂ ಹಾಲೆರೆಯುವ ನೀನು ಮನುಷ್ಯರನ್ನು ಮುಟ್ಟುವುದಿಲ್ಲವೇ ಎಂದು ಇವರು ತಿರುಗಿ ಕೇಳಿದ್ದು, ಎಲ್ಲವೂ ಅಲ್ಲಿದೆ.

ಅವರು ಜ್ಯೋತಿಬಾಗೆ ಬರೆದ ಪತ್ರಗಳಲ್ಲಿ ನಾವು ಇಂದು ಓದುವುದು ಮೂರನ್ನು. 1868ರದ್ದರಲ್ಲಿ, ಜಾತಿ ಮೀರಿ ಪ್ರೀತಿಸಿದ ಜೋಡಿಯನ್ನು ಊರವರು ಕೊಲ್ಲಹೊರಟಾಗ ನಡುವೆ ನುಗ್ಗಿ ಬಿಡಿಸಿದ ಸಂಗತಿ. 1877ರಲ್ಲಿ ಜುನ್ನರ್ ಬಳಿಯ ಓತೂರಿನಿಂದ ಬರೆದದ್ದರಲ್ಲಿ ಬರಗಾಲದ ವರದಿ. ಗಂಡನಿಗೆ ಬರೆದರೂ ಒಂದೊಂದೂ ಕೆಲಸದ ಪತ್ರವೇ.

ಮತ್ತೆ ಮೊದಲ ಪತ್ರಕ್ಕೆ ಬರುತ್ತೇನೆ. ಫಾತಿಮಾ ಶೇಖ್ ಬಗ್ಗೆ ಉಳಿದಿರುವ ದಾಖಲೆ ತೀರಾ ಕಡಿಮೆ. ಕಾಯಿಲೆಯ ಹಾಸಿಗೆಯಿಂದ ಒಬ್ಬ ಸಹೋದ್ಯೋಗಿ ನೆನೆದು ಬರೆದ ಆ ಒಂದೆರಡು ಸಾಲು ಇಲ್ಲದಿದ್ದರೆ ಆಕೆಯೂ ‘ಇನ್ನೊಬ್ಬರು’ ಆಗಿಬಿಡುತ್ತಿದ್ದರು. ಆಕೆ ಹೊತ್ತ ಕೆಲಸವೂ ಸಣ್ಣದಲ್ಲ. ಫುಲೆ ದಂಪತಿಯ ಶಾಲೆಯಲ್ಲಿ ಕಲಿತ ಮಾಂಗ್ ಸಮುದಾಯದ ಹುಡುಗಿ ಮುಕ್ತಾ ಸಾಳ್ವೆ ತನ್ನ ಜನರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅಂಥ ಮಕ್ಕಳಿದ್ದ ಶಾಲೆ. ಟೀಚರಿಗೆ ಜ್ವರ ಬಂತೆಂದು ಬಾಗಿಲು ಹಾಕಿದ್ದರೆ ಎಷ್ಟು ಮಕ್ಕಳು ಮತ್ತೆ ಬರುತ್ತಿದ್ದರು?

ಈಗ ನನ್ನದೊಂದು ತಪ್ಪೊಪ್ಪಿಗೆ. ಐದು ವರ್ಷದ ಹಿಂದೆ ಹೆರಿಗೆ ರಜೆಗೆ ಹೋಗುವಾಗ ನನ್ನ ಕೆಲಸವನ್ನೆಲ್ಲ ಒಪ್ಪಿಸಲು 14 ಪುಟದ ಟಿಪ್ಪಣಿ ಬರೆದೆ. ಎಂಟೆಕ್ ಮಾಡಿದವಳು, ಅಚ್ಚುಕಟ್ಟಾಗಿ ಬರೆದೆ: ಯಾವ ಸರ್ವರ್, ಯಾವ ಕೋಡ್, ಯಾವಾಗ ಯಾರಿಗೆ ಫೋನ್ ಮಾಡಬೇಕು. ಅದನ್ನು ಹೊತ್ತವಳು ನನಗಿಂತ ಚಿಕ್ಕವಳು. ಆರು ತಿಂಗಳು ರಾತ್ರಿ ರಾತ್ರಿ ಎದ್ದು ರಿಪೇರಿ ಮಾಡಿದಳಂತೆ. ನಾನು ವಾಪಸ್ ಬಂದ ಮೇಲೆ ಒಂದು ಮೀಟಿಂಗ್‌ನಲ್ಲಿ ಆ ಕೆಲಸಕ್ಕೆ ನನ್ನನ್ನು ಹೊಗಳಿದರು. ಎದ್ದು ‘ಅದು ಅವಳ ಕೆಲಸ’ ಎನ್ನಬಹುದಿತ್ತು. ಸುಮ್ಮನೆ ಕೂತೆ. ಮುಂದಿನ ವರ್ಷ ಅವಳು ಕೆಲಸ ಬಿಟ್ಟಳು. ಕಾರಣ ಇದೇ ಎಂದು ಹೇಳಲಾರೆ, ಇದಲ್ಲ ಎಂದೂ ಹೇಳಲಾರೆ. ಈ ಭಾಷಣ ಬರೆಯಲು ಕೂತ ದಿನ ಅವಳಿಗೆ ಫೋನ್ ಮಾಡಿದೆ. “ಅಕ್ಕಾ, ಈಗ ಯಾಕೆ?” ಎಂದಳು. ಉತ್ತರ ಹೊಳೆಯಲಿಲ್ಲ. ಆದರೂ ಹೇಳಬೇಕಾದದ್ದನ್ನು ಹೇಳಿದೆ.

ಇದನ್ನೆಲ್ಲ ಇಲ್ಲಿ ಯಾಕೆ ತಂದೆ ಎಂದರೆ, ನಮ್ಮಲ್ಲೂ ಒಂದು ಬದಲಾವಣೆ ಆಗುತ್ತಿದೆ. ಆರು ವರ್ಷದಿಂದ ಭಾನುವಾರದ ಕನ್ನಡ ತರಗತಿ ನಡೆಸಿದ ಮೇಡಂ ತಾಯಿಯನ್ನು ನೋಡಿಕೊಳ್ಳಲು ಹುಬ್ಬಳ್ಳಿಗೆ ಹೊರಟಿದ್ದಾರೆ. ಹತ್ತೊಂಬತ್ತು ಮಕ್ಕಳಿದ್ದಾರೆ. ಗ್ರೂಪ್‌ನಲ್ಲಿ ಸುದ್ದಿ ಬಂದಾಗ ಕೈಮುಗಿಯುವ ಚಿತ್ರಗಳು ಸಾಲುಗಟ್ಟಿದವು, ‘ನಾನು ಬರುತ್ತೇನೆ’ ಎಂದವರಿಲ್ಲ. ನಾನೂ ರಿಲೀಸ್ ಇದೆ ಎಂದು ನುಣುಚಿಕೊಂಡೆ.

ನಾಚಿಕೆಯಾಗಿ ಎರಡು ಭಾನುವಾರ ಹೋದೆ. ನಮ್ಮ ಪುಣೆ ಮಕ್ಕಳಿಗೆ ‘ಳ’ ಸಲೀಸು, ಮರಾಠಿಯಲ್ಲೂ ಅದು ಇದೆಯಲ್ಲ. ಎಡವುವುದು ಎ-ಏ, ಒ-ಓಗಳಲ್ಲಿ. ದೇವನಾಗರಿಯಲ್ಲಿ ಬರೆಯುವಾಗ ಆ ಹ್ರಸ್ವ ದೀರ್ಘದ ಭೇದ ಅವರಿಗೆ ಸಿಕ್ಕಿಲ್ಲ. ‘ನನಗೆ ಕೊಡು’ ಎಂಬುದನ್ನು ಒಬ್ಬ ‘ನನಗೆ ಕೋಡು’ ಎಂದು ಓದಿದ. ನಿನಗೆ ಕೋಡು ಬಂದಿದೆಯಾ ಎಂದೆ. ತರಗತಿಯೆಲ್ಲ ಹತ್ತು ನಿಮಿಷ ತಲೆಮೇಲೆ ಬೆರಳಿಟ್ಟುಕೊಂಡು ಕುಣಿಯಿತು. ಆ ಹುಡುಗ ಇನ್ನು ಆ ಎರಡು ಅಕ್ಷರ ಮರೆಯುವುದಿಲ್ಲ.

ಆದರೆ ನನ್ನೊಬ್ಬಳಿಂದ ಇದು ನಡೆಯುವುದಿಲ್ಲ. ತಿಂಗಳಿಗೆ ಒಂದೇ ಭಾನುವಾರ ಕೊಡುವ ನಾಲ್ವರು ಬೇಕು. ನಾನು ಒಬ್ಬಳು, ಇನ್ನು ಮೂವರು. ಬಾಗಿಲ ಬಳಿ ಹಾಳೆ ಇಟ್ಟಿದ್ದೇನೆ. ಮೇಡಂ ಹೊರಡುವ ದಿನ ಅವರ ಕೈಗೆ ಶಾಲು, ಹಣ್ಣಿನ ಜೊತೆ ಆ ಹಾಳೆಯನ್ನೂ ಕೊಡುವ ಆಸೆ ನನ್ನದು. ‘ಇನ್ನೊಬ್ಬರು ನೋಡಿಕೊಳ್ಳುತ್ತಾರೆ’ ಎಂದು ಅದರಲ್ಲಿ ಬರೆಯುವುದು ಬೇಡ. ಹೆಸರು ಬರೆಯೋಣ.